ಒದ್ದೆ ಎರೆಯಲ್ಲಿ ಇಪ್ಪತ್ತು ಬಿಲ್ಲೆ

ಕುರುಗೋಡಿನ ಗುಡ್ಡದ ಬುಡದಲ್ಲಿ ಮೊದಲ ದಿನ ಸ್ವಿಚ್ ಹಾಕಿದ್ದೇ ತಡ, ಯಂತ್ರ ಕೂಗಲು ಶುರು ಮಾಡಿತು. ನೆಲದ ಮೇಲೆ ಎಲ್ಲಿ ಹಿಡಿದರೂ ಕೂಗು. ನಾವಿನ್ನೂ ಅಲ್ಲಿ ಏನನ್ನೂ ಹೂತಿರಲಿಲ್ಲ. ಯಂತ್ರವನ್ನು ನಡೆಸಿ ನೋಡಲೆಂದು ಸೈನ್ಯದಿಂದ ಬಂದಿದ್ದ ಸುಬೇದಾರರು ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, ಇದನ್ನು ನಂಬುವುದಾದರೆ ಇಡೀ ಕುರುಗೋಡು ನೆಲಬಾಂಬಿನ ಮೇಲೆ ಕೂತಿದೆ ಎಂದರು. ಹೇಳುವಾಗ ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ನಾನು ಭೌತಶಾಸ್ತ್ರದವಳು. ಸೈನ್ಯಕ್ಕೆ ಉಪಕರಣಗಳನ್ನು ಮಾಡಿಕೊಡುವ ಒಂದು ಸಂಶೋಧನಾಲಯದಲ್ಲಿ ಕೆಲಸ. ನೆಲದೊಳಗೆ ಹೂತಿಟ್ಟ ಬಾಂಬುಗಳನ್ನು ಹುಡುಕುವ ಯಂತ್ರ ಅದು. ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿ ಹಂಚಿನಷ್ಟು ಅಗಲದ ತಟ್ಟೆ. ತಟ್ಟೆಯೊಳಗೆ ಎರಡು ಇಂದ್ರಿಯ ಎನ್ನಿ. ಒಂದು ತಂತಿಯ ಸುರುಳಿ. ಅದು ಲೋಹವನ್ನು ಹಿಡಿಯುತ್ತದೆ. ಇನ್ನೊಂದು ರೇಡಾರ್, ಅದು ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಒಳಗೆ ಏನಿದೆ ಎಂದು ಹೇಳುತ್ತದೆ. ಈಗಿನ ನೆಲಬಾಂಬುಗಳಲ್ಲಿ ಲೋಹ ಇಲ್ಲವೆನ್ನುವಷ್ಟು ಕಡಿಮೆ. ಮೈಯೆಲ್ಲ ಪ್ಲಾಸ್ಟಿಕ್, ಒಳಗೆ ಪೆನ್ನಿನ ಸ್ಪ್ರಿಂಗಿನಷ್ಟು ಕಬ್ಬಿಣ. ಹಾಗಾಗಿ ಸುರುಳಿಯೊಂದರಿಂದ ಆಗುವ ಕೆಲಸವಲ್ಲ, ಪ್ರತಿಧ್ವನಿ ಬೇಕೇ ಬೇಕು. ಆ ಭಾಗ ನನ್ನದು. ಆರು ವರ್ಷ ಅದನ್ನು ಮಾಡಿದ್ದೆ. ಅದರೊಳಗಿನ ಲೆಕ್ಕಗಳನ್ನು ಇಲ್ಲಿ ಬರೆಯುವಂತಿಲ್ಲ, ಹೇಳಬಹುದಾದಷ್ಟನ್ನು ಹೇಳುತ್ತೇನೆ.

ಸಂಶೋಧನಾಲಯದಲ್ಲಿ ಸೂರಿನ ಕೆಳಗೆ ಮರಳು ತುಂಬಿದ ಒಂದು ಪರೀಕ್ಷಾ ಪಟ್ಟಿ ಇದೆ. ಅಲ್ಲಿ ನಮ್ಮ ಯಂತ್ರ ಹೂತದ್ದನ್ನೆಲ್ಲ ಕಂಡುಹಿಡಿದಿತ್ತು. ಆದರೆ ಸೈನ್ಯ ಕೊಟ್ಟ ಬೇಡಿಕೆಯ ಪತ್ರದಲ್ಲಿ ‘ದೇಶದ ಎಲ್ಲ ಬಗೆಯ ನೆಲ’ ಎಂದು ಬರೆದಿತ್ತು. ನಮ್ಮ ವಿಭಾಗದ ಮುಖ್ಯಸ್ಥರಿಗೆ ಅದೊಂದು ಶಾಸ್ತ್ರ. ಮೂರು ಬಗೆಯ ಮಣ್ಣಿನ ಹೆಸರು ಬರೆದು, ಮೂರು ವಾರದಲ್ಲಿ ಮುಗಿಸಿ ಬನ್ನಿ ಎನ್ನುವುದು ಅವರ ಲೆಕ್ಕ. ನಾನು ಬಳ್ಳಾರಿ ಜಿಲ್ಲೆಯನ್ನು ಆರಿಸಿದೆ. ಕಬ್ಬಿಣ ಬೆರೆತ ಕೆಂಪು ಮಸಾರಿ ಮಣ್ಣು, ನೀರಾವರಿಯ ಕರಿ ಎರೆ ಮಣ್ಣು ಎರಡೂ ಒಂದೇ ದಿನದ ಓಡಾಟದಲ್ಲಿ ಸಿಗುತ್ತವೆ. ನಾನು ಸಿರುಗುಪ್ಪದಲ್ಲಿ ಹುಟ್ಟಿ ಬೆಳೆದವಳು. ಆ ಎರೆ ಚಪ್ಪಲಿ ಕಿತ್ತುಕೊಳ್ಳುವುದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಿರಲಿಲ್ಲ.

ಮುಖ್ಯಸ್ಥರು ನನ್ನ ಬದಲು ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬನನ್ನು ಕಳಿಸಬೇಕೆಂದಿದ್ದರು. ಸೈನ್ಯದವರ ಜೊತೆ ವಾರಗಟ್ಟಲೆ ಹೊಲದಲ್ಲಿ ಇರುವುದು ನಿಮಗೆ ಕಷ್ಟ, ಅಲ್ಲಿ ಅನುಕೂಲಗಳಿರುವುದಿಲ್ಲ ಎಂದು ಸುತ್ತಿ ಬಳಸಿ ಹೇಳಿದರು. ಹೊಲದಲ್ಲಿ ಹೆಂಗಸರು ಯಾವ ಮರೆಗೆ ಹೋಗಬೇಕೆಂಬುದು ನನಗೆ ಚಿಕ್ಕಂದಿನಿಂದಲೂ ಗೊತ್ತಿದೆ ಸರ್ ಎಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಫೈಲಿಗೆ ಸಹಿ ಹಾಕಿದರು.

ಹೀಗೆ ಬಂದವಳಿಗೆ ಕುರುಗೋಡಿನ ಮೊದಲ ದಿನವೇ ಆ ಕೂಗು. ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅಲ್ಲಿನ ಕೆಂಪು ಗರಸಿನಲ್ಲಿದ್ದ ಕಬ್ಬಿಣದ ಅಂಶವನ್ನೇ ಸುರುಳಿ ಲೋಹವೆಂದು ತಿಳಿಯುತ್ತಿತ್ತು. ಸುರುಳಿ ನೆಲಕ್ಕೊಂದು ಮಿಡಿತ ಕೊಟ್ಟು, ಕ್ಷಣ ಬಿಟ್ಟು ಕಿವಿಗೊಡುತ್ತದೆ. ಲೋಹದ ಉತ್ತರ ಒಂದು ರೀತಿ ಕರಗುತ್ತದೆ, ಇಂಥ ಮಣ್ಣಿನ ಉತ್ತರ ಇನ್ನೊಂದು ರೀತಿ. ಎರಡನ್ನೂ ಬೇರ್ಪಡಿಸುವ ಹಾಗೆ ಕಿವಿಗೊಡುವ ಗಳಿಗೆಯನ್ನು ಬದಲಿಸುತ್ತ ಹೋದೆವು. ಬೆಳಿಗ್ಗೆ ಗುಡ್ಡದ ಬುಡದಲ್ಲಿ ಅಳತೆ, ಮಧ್ಯಾಹ್ನದ ಮೇಲೆ ಬಳ್ಳಾರಿಯ ಗಾಂಧಿನಗರದಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ತಿದ್ದುಪಡಿ. ನಮ್ಮ ತಂತ್ರಜ್ಞ ಹೆಚ್ಚು ಮಾತಾಡದ, ನಡುವಯಸ್ಸಿನ ಮನುಷ್ಯ. ನೋಡಲು ಬಂದ ಅಧಿಕಾರಿಗಳು ಅವರಿಗೇ ‘ನಮಸ್ಕಾರ ಸರ್’ ಎನ್ನುತ್ತಿದ್ದರು; ಅವರು ಪ್ರತಿಸಲವೂ ನನ್ನ ಕಡೆ ಕೈ ತೋರಿಸುತ್ತಿದ್ದರು. ಒಂಬತ್ತನೆಯ ದಿನ ಯಂತ್ರ ಕೆಂಪು ನೆಲದ ಮೇಲೆ ಸುಮ್ಮನಾಯಿತು, ಬಾಂಬಿನ ಬದಲು ನಾವು ಹೂತಿದ್ದ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಮಾತ್ರ ಕೂಗಿತು. ಸುಬೇದಾರರು ಹೆಬ್ಬೆರಳು ಎತ್ತಿದರು. ಮುಂದಿನದೂ ಹೀಗೇ ಆಗುತ್ತದೆಂದು ನಾನು ನಂಬಿದೆ.

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಮೊದಲ ಬೆಳೆಯ ಭತ್ತ ಕೊಯ್ದಾಗಿತ್ತು. ಎರಡನೆಯ ಬೆಳೆಯ ನಾಟಿಗೆ ಇನ್ನೂ ತಿಂಗಳ ಬಿಡುವಿತ್ತು. ನಮಗೆ ಬೇಕಾದ ಗದ್ದೆ ಒಬ್ಬ ಹೆಂಗಸಿನದು. ಐವತ್ತರ ಆಚೀಚೆ ವಯಸ್ಸು, ಗಂಡ ತೀರಿಕೊಂಡ ಮೇಲೆ ಬೇಸಾಯವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಊರಿನ ನಾಟಿ ಹೆಂಗಸರ ಗುಂಪಿಗೂ ಅವಳೇ ಮುಂದಾಳು. ನಮ್ಮ ಜೀಪು ನಿಂತಾಗ ಬದುವಿನ ಮೇಲೆ ನಿಂತವಳು ಕೆಳಗಿಳಿಯಲಿಲ್ಲ.

“ರಸ್ತೆಗೆ ನೆಲ ಅಳಿಯಾಕ ಬಂದೀರೋ, ಕಂಪನಿಗೆ ಅಳಿಯಾಕ ಬಂದೀರೋ? ಮೊದ್ಲು ಅದನ್ನ ಹೇಳ್ರಿ.”

“ಎರಡೂ ಅಲ್ಲಮ್ಮ. ಈ ಮಣ್ಣಾಗ ಈ ಮಿಷಿನ್ ಕೆಲ್ಸ ಮಾಡ್ತೈತೋ ಇಲ್ಲೋ ನೋಡಾಕ ಬಂದೀನಿ. ನಾನು ಸಿರುಗುಪ್ಪದಾಕಿ.”

ಸಿರುಗುಪ್ಪದಲ್ಲಿ ಯಾವ ಓಣಿ, ಯಾರ ಮಗಳು ಎಂದು ವಿಚಾರಿಸಿದಳು. ನಮ್ಮಪ್ಪ ಮಾಸ್ತರಾಗಿದ್ದ ಸಾಲಿಯ ಹೆಸರು ಹೇಳಿದ ಮೇಲೆ ಬದುವಿನಿಂದ ಇಳಿದಳು. ಸಂಕ್ರಾಂತಿ ಮುಗಿದ ಕೂಡಲೇ ಗದ್ದೆ ಹೇಗಿತ್ತೋ ಹಾಗೆ ವಾಪಸ್ ಕೊಡಬೇಕು, ಒಂದು ಕಡ್ಡಿಯೂ ಒಳಗೆ ಉಳಿಯಬಾರದು ಎಂದಳು. ಒಪ್ಪಿಕೊಂಡೆ.

ಗದ್ದೆಯಲ್ಲಿ ಒಂದು ಮೀಟರ್ ಅಗಲದ ಉದ್ದನೆಯ ಪಟ್ಟಿಗೆ ಹಗ್ಗ ಕಟ್ಟಿ ಮೂಲೆಗಳಲ್ಲಿ ಗೂಟ ಹೊಡೆದೆವು. ಚಹಾದ ಸಾಸರಿನಷ್ಟು ಅಗಲದ ಇಪ್ಪತ್ತು ಪ್ಲಾಸ್ಟಿಕ್ ಬಿಲ್ಲೆಗಳು. ಒಳಗೆ ಮದ್ದಿನ ಬದಲು ಮೇಣ. ಒಂದೊಂದನ್ನೂ ಎರಡು ಗೂಟಗಳಿಂದ ಟೇಪಿನಲ್ಲಿ ಅಳೆದು, ಹೂತು, ಜಾಗವನ್ನು ಪುಸ್ತಕದಲ್ಲಿ ಬರೆದು ಲಕೋಟೆಯಲ್ಲಿಟ್ಟೆ. ಅಗೆದ ಮಣ್ಣು ಮತ್ತೆ ಕೂರಲಿ ಎಂದು ಹತ್ತು ದಿನ ಬಿಟ್ಟೆವು. ಹನ್ನೊಂದನೆಯ ದಿನ ಸುಬೇದಾರರು ಕೋಲು ಹಿಡಿದು ಪಟ್ಟಿಗೆ ಇಳಿದಾಗ ನಾನು ದೂರದ ಬದುವಿನ ಮೇಲೆ ಬೆನ್ನು ಹಾಕಿ ಕುಳಿತೆ. ಬಿಲ್ಲೆ ಎಲ್ಲಿದೆ ಎಂಬುದು ನನ್ನ ಮುಖ ನೋಡಿ ಅವರಿಗೆ ಗೊತ್ತಾಗಬಾರದಲ್ಲ.

ಯಂತ್ರ ಕೂಗಿದಲ್ಲೆಲ್ಲ ಅವರು ಕೆಂಪು ಬಾವುಟ ನೆಟ್ಟಿದ್ದರು. ಲಕೋಟೆ ಬಿಚ್ಚಿ ಹೋಲಿಸಿದೆವು. ಇಪ್ಪತ್ತರಲ್ಲಿ ಹನ್ನೆರಡು ಸಿಕ್ಕಿದ್ದವು. ಎಂಟು ಬಿಲ್ಲೆಗಳ ಮೇಲೆ ತಟ್ಟೆ ಹಾದುಹೋಗಿತ್ತು, ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಅವುಗಳಲ್ಲಿ ಮೂರರ ಮೇಲೆ ಸುಬೇದಾರರ ಬೂಟಿನ ಗುರುತಿತ್ತು.

ಸುಬೇದಾರರು ಆಂಧ್ರದ ಕಡೆಯವರು, ತೆಲುಗು ಬೆರೆಸಿ ಕನ್ನಡ ಆಡುತ್ತಿದ್ದರು. ಅವರು ಸಿಟ್ಟಾಗಲಿಲ್ಲ. ಬೂಟಿನ ಗುರುತುಗಳನ್ನು ಒಂದೊಂದಾಗಿ ನೋಡಿದರು. ಯಂತ್ರ ಸುಳ್ಳೇ ಕೂಗಿದರೆ ನಮ್ಮ ಹೊತ್ತು ಹಾಳು, ಸುಮ್ಮನಿದ್ದರೆ ನಮ್ಮ ಕಾಲು ಹಾಳು ಎಂದಷ್ಟೇ ಹೇಳಿ ನೀರು ಕುಡಿಯಲು ಹೋದರು.

ಏನಾಗಿದೆ ಎಂಬುದು ಭೌತಶಾಸ್ತ್ರ ಓದಿದವರಿಗೆ ಹೊಸದಲ್ಲ. ಒದ್ದೆ ಜೇಡಿಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ರೇಡಿಯೋ ಅಲೆಯ ಶಕ್ತಿಯನ್ನು ಅದು ಹೀರಿಬಿಡುತ್ತದೆ. ಅಲೆ ಬಿಲ್ಲೆಯವರೆಗೆ ಹೋಗಿ ಮರಳುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಮೇಲಿನ ಮಣ್ಣು ಒಣಗಿ ಬಿರಿದದ್ದನ್ನು ನೋಡಿ ಒಳಗೂ ಸಾಕಷ್ಟು ಆರಿದೆ ಎಂದು ಲೆಕ್ಕ ಹಾಕಿದ್ದೆ. ಅದು ನನ್ನ ತಪ್ಪು.

ಅದಕ್ಕಿಂತ ದೊಡ್ಡ ಪೇಚು ಮರುದಿನ ಕಾದಿತ್ತು. ಬಿಲ್ಲೆಗಳನ್ನು ಅಗೆದು ತೆಗೆಯುವಾಗ ಹತ್ತೊಂಬತ್ತೇ ಸಿಕ್ಕವು. ಅಷ್ಟು ದಿನಗಳಲ್ಲಿ ಎಮ್ಮೆಯೊಂದು ಮೂಲೆಯ ಗೂಟವನ್ನು ಕಿತ್ತಿತ್ತು. ಯಾರೋ ಒಳ್ಳೆಯವರು ಅದನ್ನು ಅಂದಾಜಿನಲ್ಲಿ ಮತ್ತೆ ನೆಟ್ಟಿದ್ದರು. ಉಳಿದ ಗೂಟಗಳಿಂದ ಅಳೆದ ಬಿಲ್ಲೆಗಳೆಲ್ಲ ಸಿಕ್ಕವು. ಈ ಗೂಟದಿಂದ ಅಳೆದ ಕೊನೆಯದೊಂದು ಸಿಗಲಿಲ್ಲ. ಯಂತ್ರವನ್ನು ಹತ್ತು ಸಲ ಆಡಿಸಿದೆ. ತಟ್ಟೆಯನ್ನು ನೆಲಕ್ಕೆ ತಾಗಿಸಿ ಆಡಿಸಿದೆ. ಸದ್ದೇ ಇಲ್ಲ.

ಅಷ್ಟರಲ್ಲಿ ಗದ್ದೆಯ ಯಜಮಾನಿ ಬಂದಳು. ಸಂಗತಿ ಹೇಳಿದೆ. ಅದರೊಳಗೆ ಇರುವುದು ಬರೀ ಮೇಣ, ಉಳಿದರೂ ಏನೂ ಆಗುವುದಿಲ್ಲ ಎಂದೆ.

“ಮದ್ದಿಲ್ಲ ಅಂತ ನಿಮಗ ಗೊತ್ತೈತಿ. ನಮ್ಮ ಹೆಂಗಸರ ಕಾಲಿಗೆ ಗೊತ್ತೈತೇನು? ಬರಿಗಾಲಾಗ ಬಗ್ಗಿ ನಾಟಿ ಹಚ್ಚೋರು ಅವ್ರು.”

ತೆಗೆದೇ ಕೊಡುತ್ತೇನೆ, ಮಾತು ಕೊಟ್ಟಿದ್ದೇನೆ ಎಂದೆ. ಅವಳು ನನ್ನ ಕೈಯಲ್ಲಿದ್ದ ಕೋಲನ್ನೂ ತಟ್ಟೆಯನ್ನೂ ನೋಡಿದಳು. ಬೈಯುವ ದನಿಯಲ್ಲೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

“ನೀವ ಹುಗದಿದ್ದು ನಿಮಗ ಸಿಗವಲ್ದು. ವೈರಿ ಹುಗದಿದ್ದು ಹೆಂಗ ಸಿಕ್ಕೀತ್ರಿ?”

ಎಷ್ಟೋ ಪರಿಶೀಲನಾ ಸಭೆಗಳಲ್ಲಿ ನಾನು ಉತ್ತರ ಹೇಳಿದ್ದೇನೆ. ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಸುಬೇದಾರರು ಜೀಪಿನಿಂದ ಹಳೆಯ ಶೋಧಕ ಸಲಾಕೆಗಳನ್ನು ತಂದರು. ಯಂತ್ರಗಳು ಬರುವ ಮುಂಚಿನಿಂದಲೂ ಸೈನಿಕರು ನಂಬಿದ ಸಾಧನ ಅದು. ಸಲಾಕೆಯನ್ನು ನೆಟ್ಟಗೆ ಚುಚ್ಚಬಾರದು. ಓರೆಯಾಗಿ, ನಿಧಾನವಾಗಿ ತೂರಿಸಬೇಕು, ತುದಿ ಬಾಂಬಿನ ನೆತ್ತಿಗೆ ತಾಗದೆ ಪಕ್ಕೆಗೆ ತಾಗಬೇಕು. ಎರಡು ಬೆರಳಿನ ಅಂತರ ಬಿಟ್ಟು ಮತ್ತೊಂದು ತೂತು, ಮತ್ತೊಂದು. ಮೇಣದ ಬಿಲ್ಲೆಯೇ ಆಗಿದ್ದರೂ ಅವರು ನಿಯಮ ಸಡಿಲಿಸಲಿಲ್ಲ. ನನಗೂ ಅದೇ ಶಿಸ್ತಿನಲ್ಲಿ ಕಲಿಸಿದರು. ಎರಡು ದಿನ ಇಬ್ಬರೂ ಮೊಣಕಾಲೂರಿ ಆ ಮೂಲೆಯನ್ನು ಚುಚ್ಚಿದೆವು. ಪ್ರತಿ ಸಲ ಎಳೆದಾಗಲೂ ಸಲಾಕೆಗೆ ಎರೆ ಮೆತ್ತಿಕೊಂಡು ಬರುತ್ತಿತ್ತು, ಒರೆಸಿ ಮತ್ತೆ ತೂರಿಸಬೇಕು. ಆರು ವರ್ಷ ಕುರ್ಚಿಯ ಮೇಲೆ ಕೂತು ಮಾಡಿದ ಯಂತ್ರ ತಪ್ಪಿದಾಗ ಸೈನಿಕನೊಬ್ಬ ಯಾವ ಭಂಗಿಯಲ್ಲಿ, ಎಷ್ಟು ಹೊತ್ತು, ಯಾವ ಭಯದಲ್ಲಿ ಇರಬೇಕಾಗುತ್ತದೆ ಎಂಬುದು ನನ್ನ ಮೊಣಕಾಲಿಗೆ ತಿಳಿಯಿತು. ಭಯದ ಪಾಲು ನನಗಿರಲಿಲ್ಲ. ಆದರೂ ಎರಡನೆಯ ದಿನ ಮಧ್ಯಾಹ್ನ ತುದಿಗೆ ‘ಟಕ್’ ಎಂದು ಗಟ್ಟಿಯಾದುದೇನೋ ತಾಗಿದಾಗ ಸಲಾಕೆಯನ್ನು ಅಲ್ಲೇ ಬಿಟ್ಟು ಸುಬೇದಾರರನ್ನು ಕರೆದೆ. ಇಪ್ಪತ್ತನೆಯ ಬಿಲ್ಲೆ ನಾವು ಮೊದಲು ಹುಡುಕಿದ ಜಾಗದಿಂದ ಒಂದೂವರೆ ಮಾರು ದೂರದಲ್ಲಿತ್ತು.

ಸಂಜೆ ಮುಖ್ಯಸ್ಥರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ನೀರು ಕಟ್ಟುವ ಗದ್ದೆಯನ್ನೇ ಯಾಕೆ ಆರಿಸಿದಿರಿ ಎಂದರು. ಕರಿ ಎರೆ ಒಣ ಬೇಸಾಯದ ಕಡೆಯೂ ಇದೆಯಲ್ಲ, ಮೋಕದ ಹತ್ತಿರ ಒಂದು ಹೊಲ ನೋಡಿ, ಅಲ್ಲಿ ಮಾಡಿ ಎಂದರು. ಮಾಡಿದೆ. ಒಣಗಿದ ಎರೆಯಲ್ಲಿ ಯಂತ್ರ ಇಪ್ಪತ್ತಕ್ಕೆ ಇಪ್ಪತ್ತು ಹಿಡಿಯಿತು. ಎರಡೂ ಫಲಿತಾಂಶಗಳನ್ನು ಕಳಿಸಿದೆ. ನಾಲ್ಕು ದಿನಕ್ಕೆ ವರದಿಯ ಕರಡು ಮರಳಿ ಬಂತು. ‘ಕಪ್ಪು ಮಣ್ಣು: ತೃಪ್ತಿಕರ’ ಎಂಬ ಒಂದೇ ಸಾಲು. ಕರೂರಿನ ಹೆಸರೇ ಇರಲಿಲ್ಲ. ಕೆಳಗೆ ನನ್ನ ಹೆಸರು ಟೈಪಾಗಿತ್ತು, ಸಹಿಯೊಂದು ಬಾಕಿ.

ಸುಳ್ಳು ಎನ್ನುವ ಹಾಗೂ ಇರಲಿಲ್ಲ ಆ ಸಾಲು. ಮೋಕದ ಮಣ್ಣೂ ಕಪ್ಪೇ. ಅದನ್ನು ನಂಬಿ ಕಾಲಿಡುವವನಿಗೆ ಯಾವ ಕಪ್ಪು ಎಂದು ಯಾರು ಹೇಳಬೇಕು? ಸಹಿ ಹಾಕದೆ ಕರಡನ್ನು ಹಿಂದಕ್ಕೆ ಕಳಿಸಿದೆ. ಕರೂರಿನ ಫಲಿತಾಂಶ ಸೇರಿಸದಿದ್ದರೆ ನನ್ನ ಹೆಸರನ್ನು ತೆಗೆದುಬಿಡಿ ಎಂದು ಬರೆದೆ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ‘ಯಂತ್ರ ಸರಿಯಿಲ್ಲ’ ಎನ್ನುವುದು ಅರ್ಧ ಕೆಲಸ. ಮಾಡಿದವಳು ನಾನು, ಉಳಿದರ್ಧವೂ ನನ್ನದೇ. ತಪ್ಪಿದ ಎಂಟು ಜಾಗಗಳನ್ನು ಕಾಗದದ ಮೇಲೆ ಗುರುತು ಮಾಡಿಕೊಂಡು ಮತ್ತೆ ಕರೂರಿಗೆ ಹೋದೆ. ಎಂಟೂ ಚದುರಿರಲಿಲ್ಲ, ಪಟ್ಟಿಗೆ ಓರೆಯಾಗಿ ಒಂದು ಗೆರೆಯ ಅಕ್ಕಪಕ್ಕದಲ್ಲಿದ್ದವು. ಯಜಮಾನಿಗೆ ಆ ಗೆರೆಯನ್ನು ತೋರಿಸಿದೆ. ಅವಳು ಕಾಗದ ನೋಡಲಿಲ್ಲ. ಗದ್ದೆಗಿಳಿದು ಹಿಮ್ಮಡಿ ಊರುತ್ತ ಹತ್ತು ಹೆಜ್ಜೆ ನಡೆದಳು.

“ಇಲ್ಲಿ ಹಿಂದ ಕಾಲಿವಿ ಇತ್ತು. ಮುಚ್ಚಿ ಇಪ್ಪತ್ತು ವರ್ಷ ಆತು. ನಾವು ಮರ್ತೀವಿ, ನೀರು ಮರ್ತಿಲ್ಲ. ಮ್ಯಾಲ ಒಣಗೇತಿ ಅಂತ ನಂಬಬ್ಯಾಡ್ರಿ.”

ಮುಚ್ಚಿದ ಆ ಕಾಲುವೆಯ ಗೆರೆಯುದ್ದಕ್ಕೂ, ಅದರಾಚೆಗೂ ಮಣ್ಣಿನ ಮಾದರಿ ತೆಗೆದು ಡಬ್ಬಿಗಳಲ್ಲಿ ತುಂಬಿಕೊಂಡು ಗಾಂಧಿನಗರಕ್ಕೆ ತಂದೆ. ತೂಗುವುದು, ಒಣಗಿಸುವುದು, ಮತ್ತೆ ತೂಗಿ ನೀರೆಷ್ಟಿತ್ತೆಂದು ಬರೆಯುವುದು, ವಿದ್ಯುತ್ತು ಎಷ್ಟು ಹರಿಯುತ್ತದೆಂದು ಅಳೆಯುವುದು, ಒಂದು ವಾರ ಇದೇ ಕೆಲಸ. ಮನೆಯ ಮಾಲೀಕರು ತಾರಸಿಯ ಮೇಲೆ ಸಾಲಾಗಿಟ್ಟ ಮಣ್ಣಿನ ತಟ್ಟೆಗಳನ್ನು ನೋಡಿ, ಇದೇನು ಹಪ್ಪಳವೋ ಎಂದು ಕೇಳಿ ಹೋದರು. ವಾರದ ಕೊನೆಗೆ ಒಂದು ಗಡಿ ಸ್ಪಷ್ಟವಾಯಿತು. ಮಣ್ಣಿನಲ್ಲಿ ವಿದ್ಯುತ್ತು ಹರಿಯುವುದು ಒಂದು ಮಿತಿ ದಾಟಿದಲ್ಲೆಲ್ಲ ಯಂತ್ರ ಕುರುಡು. ಅದರ ಕೆಳಗೆ ಎಲ್ಲಿಯೂ ತಪ್ಪಿರಲಿಲ್ಲ.

ನನ್ನನ್ನು ಕೂತಲ್ಲಿಂದ ಎಬ್ಬಿಸಿದ್ದು ಅದರ ಮುಂದಿನ ಯೋಚನೆ. ಆ ಹರಿವನ್ನು ಅಳೆಯಲು ನನಗೆ ಡಬ್ಬಿ, ತಕ್ಕಡಿ ಬೇಕಾಗಿತ್ತು. ಯಂತ್ರಕ್ಕೆ ಅವು ಬೇಡ. ಅದರ ಸುರುಳಿಗೂ ರೇಡಾರಿಗೂ ನೆಲದೊಳಗಿನಿಂದ ಬರುವ ಉತ್ತರದಲ್ಲೇ ಆ ಅಳತೆ ಅಡಗಿದೆ. ನಾವು ಅದನ್ನು ಬೇಡದ ಗದ್ದಲವೆಂದು ಇಷ್ಟು ವರ್ಷ ಸೋಸಿ ಎಸೆಯುತ್ತಿದ್ದೆವು. ಎಸೆಯದೆ ಓದಿಕೊಂಡರೆ, ‘ಇಲ್ಲಿ ನನಗೆ ಕಾಣುವುದಿಲ್ಲ’ ಎಂದು ಯಂತ್ರವೇ ಹೇಳಬಲ್ಲದು. ಕಂಡರೆ ಕೂಗು, ಕಾಣದ ನೆಲಕ್ಕೆ ಬಂದರೆ ಹಿಡಿಕೆಯ ಮೇಲೆ ಕಿತ್ತಳೆ ದೀಪ. ದೀಪ ಹತ್ತಿದಲ್ಲಿ ಸೈನಿಕ ಯಂತ್ರವನ್ನು ಬದಿಗಿಟ್ಟು ಸಲಾಕೆ ಹಿಡಿಯಬೇಕು. ತಂತ್ರಜ್ಞರು ಮೊದಲ ಸಲ ಉದ್ದನೆಯ ಮಾತಾಡಿದರು: ಜೊತೆಗೆ ತಂದಿರುವ ಎರಡನೆಯ ಯಂತ್ರವನ್ನು ಬಿಚ್ಚೋಣ ಮೇಡಂ, ಐದು ದಿನ ಕೊಡಿ.

ಮುಖ್ಯಸ್ಥರು ಫೋನಿನಲ್ಲಿ ಬಹಳ ಹೊತ್ತು ಸಮಾಧಾನವಾಗಿ ಮಾತಾಡಿದರು. ತನಗೆ ಗೊತ್ತಿಲ್ಲವೆಂದು ಹೇಳುವ ಯಂತ್ರವನ್ನು ಯಾವ ಸೈನ್ಯವೂ ಕೊಳ್ಳುವುದಿಲ್ಲ, ಪರಿಶೀಲನಾ ಸಮಿತಿ ಮುಂದಿನ ವಾರ ಬಳ್ಳಾರಿಗೆ ಬರುತ್ತಿದೆ, ಮೋಕದಲ್ಲಿ ಪ್ರದರ್ಶನ ಏರ್ಪಾಡಾಗಿದೆ, ನೀವು ಅದನ್ನು ನಡೆಸಿಕೊಟ್ಟರೆ ಸಾಕು ಎಂದರು. ಕೊನೆಗೆ ಸಮಾಧಾನ ಮುಗಿಯಿತು.

“ಆರು ವರ್ಷದ ನಿಮ್ಮ ಕೆಲಸಕ್ಕೆ ನೀವೇ ಕಲ್ಲು ಹಾಕುತ್ತಿದ್ದೀರಿ.”

“ಆರು ವರ್ಷ ಮಾಡಿದವಳು ನಾನು ಸರ್. ಅದಕ್ಕೇ ಇದು ಎಲ್ಲಿ ಕುರುಡು ಅಂತ ನಾನೇ ಹೇಳಬೇಕು.”

ಸಂಕ್ರಾಂತಿ ಮುಗಿದಿತ್ತು. ಕೊಟ್ಟ ಮಾತಿನಂತೆ ಗದ್ದೆಯನ್ನು ಬಿಟ್ಟುಕೊಡಬೇಕಿತ್ತು. ಯಜಮಾನಿಯ ಬಳಿ ಹೋಗಿ, ಉಳಿದದ್ದಕ್ಕೆಲ್ಲ ನಾಟಿ ಹಚ್ಚಿ, ನಮ್ಮ ಪಟ್ಟಿಯೊಂದನ್ನು ಇನ್ನೊಂದು ವಾರ ಬಿಡಿ ಎಂದು ಕೇಳಿದೆ. ಪಕ್ಕದ ಮಡಿಗೆ ನೀರು ಬಿಟ್ಟರೆ ಈ ಪಟ್ಟಿಗೂ ಜಿನುಗುತ್ತದೆ, ಪರವಾಗಿಲ್ಲವೇ ಎಂದಳು. ಜಿನುಗಲಿ, ಅದೇ ಬೇಕು ಎಂದೆ. ಒಂದು ಷರತ್ತು ಹಾಕಿದಳು: ದೊಡ್ಡ ಸಾಹೇಬರು ಬಂದಾಗ ತಾನೂ ನಿಂತು ನೋಡಬೇಕು. ಅಂದೇ ಬಿಲ್ಲೆಗಳನ್ನು ಹಳೆಯ ಜಾಗಗಳಲ್ಲೇ ಮತ್ತೆ ಹೂತೆವು.

ಸಮಿತಿಯಲ್ಲಿ ಮೂವರು ಅಧಿಕಾರಿಗಳಿದ್ದರು. ಅಧ್ಯಕ್ಷರು ನರೆತ ಮೀಸೆಯ ಹಿರಿಯ ಸೇನಾಧಿಕಾರಿ. ಮೋಕದ ಒಣ ಹೊಲದಲ್ಲಿ ಯಂತ್ರ ಒಂದನ್ನೂ ಬಿಡದೆ ಹಿಡಿಯಿತು. ಮುಖ್ಯಸ್ಥರು ಕೈಕುಲುಕಲು ಶುರು ಮಾಡಿದರು. ಬಳ್ಳಾರಿಯಲ್ಲಿ ಊಟ ಸಿದ್ಧವಾಗಿದೆ ಎಂದರು. ನಾನು ಅಧ್ಯಕ್ಷರ ಮುಂದೆ ಹೋಗಿ ನಿಂತೆ.

ಸರ್, ನೀವು ನೋಡಿದ್ದು ನಿಜ, ಆದರೆ ಪೂರ್ತಿ ಅಲ್ಲ ಎಂದೆ. ಇದೇ ಎರೆ ಒದ್ದೆಯಾದಾಗ ಏನಾಗುತ್ತದೆಂದು ಕರೂರಿನಲ್ಲಿ ತೋರಿಸುತ್ತೇನೆ, ದಯವಿಟ್ಟು ಬನ್ನಿ ಎಂದೆ. ಮುಖ್ಯಸ್ಥರು ನಡುವೆ ಬಂದು, ಅದು ಕಾರ್ಯಕ್ರಮದಲ್ಲಿಲ್ಲ, ಇನ್ನೂ ಅಪೂರ್ಣ ಪ್ರಯೋಗ ಎಂದರು. ಅಧ್ಯಕ್ಷರು ನನ್ನನ್ನೂ ಅವರನ್ನೂ ಬಿಟ್ಟು ಸುಬೇದಾರರ ಕಡೆ ತಿರುಗಿ, ಅಲ್ಲಿ ನಡೆದವರು ಯಾರು ಎಂದು ಕೇಳಿದರು. ಸುಬೇದಾರರು ಎದೆ ಸೆಟೆಸಿ ನಿಂತು ಹಿಂದಿಯಲ್ಲಿ ಉತ್ತರ ಕೊಟ್ಟರು: ನಾನು ನಡೆದೆ ಸಾಬ್, ಮೂರು ಸಲ ಸತ್ತೆ.

ಜೀಪುಗಳು ಕರೂರಿನ ಕಡೆ ತಿರುಗಿದವು.

ನಮ್ಮ ಪಟ್ಟಿಯ ಪಕ್ಕದ ಮಡಿಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ಯಜಮಾನಿ ಬದುವಿನ ಮೇಲಿದ್ದಳು. ಸುಬೇದಾರರು ಕೋಲು ಎತ್ತಿಕೊಳ್ಳುವಷ್ಟರಲ್ಲಿ ಅಧ್ಯಕ್ಷರೇ ಕೈ ಚಾಚಿದರು. ಬೂಟು ಕಳಚದೆ, ಪ್ಯಾಂಟಿನ ತುದಿ ಮಡಚಿ, ಹೆಡ್‌ಫೋನ್ ಹಾಕಿಕೊಂಡು ಪಟ್ಟಿಗಿಳಿದರು. ಪದ್ಧತಿಯಂತೆಯೇ ತಟ್ಟೆಯನ್ನು ಎಡಬಲ ಆಡಿಸುತ್ತ ನಿಧಾನವಾಗಿ ಹೆಜ್ಜೆಯಿಟ್ಟರು. ಮೊದಲ ಬಿಲ್ಲೆಯ ಮೇಲೆ ಯಂತ್ರ ಕೂಗಿತು. ಆಮೇಲೆ ಐದಾರು ಹೆಜ್ಜೆ ಸದ್ದಿಲ್ಲ. ಅವರ ಮುಖದಲ್ಲಿ ನೆಮ್ಮದಿ ಮೂಡಿದ್ದು ನನಗೆ ಕಾಣಿಸಿತು.

“ಸರ್, ಅಲ್ಲೇ ನಿಲ್ಲಿ. ಎಡಗಾಲು ಎತ್ತಿ.”

ಅವರು ಎತ್ತಿದರು. ಸುಬೇದಾರರು ಮೊಣಕಾಲೂರಿ, ಸಲಾಕೆ ಓರೆಯಾಗಿ ತೂರಿಸಿ, ಕೈಯಿಂದ ಕೆಸರು ಬಗೆದು, ಹಿಮ್ಮಡಿಯ ಗುರುತಿನ ಕೆಳಗಿನಿಂದಲೇ ಬಿಲ್ಲೆಯನ್ನು ತೆಗೆದುಕೊಟ್ಟರು. ಅಧ್ಯಕ್ಷರು ಅದನ್ನು ಅಂಗೈಯಲ್ಲಿ ಹಿಡಿದು, ಕೆಸರು ಒರೆಸಿ, ಹಿಂದುಮುಂದು ತಿರುಗಿಸಿದರು. ನಾಟಿ ಹೆಂಗಸರೂ ಬೆನ್ನು ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು.

ದೀಪ ಕೂರಿಸಿದ ಎರಡನೆಯ ಯಂತ್ರವನ್ನು ಅವರ ಕೈಗೆ ಕೊಟ್ಟೆ. ಅದೇ ಜಾಗಕ್ಕೆ ಬರುವ ಎರಡು ಹೆಜ್ಜೆ ಮುಂಚೆಯೇ ಕಿತ್ತಳೆ ದೀಪ ಹತ್ತಿತು. ಹಳೆಯ ಕಾಲುವೆಯ ಗೆರೆ ದಾಟುವವರೆಗೂ ಉರಿಯಿತು. ಐದು ದಿನದಲ್ಲಿ ಮಾಡಿದ್ದು, ನಾಜೂಕಾಗಿರಲಿಲ್ಲ. ಬೇಡದ ಕಡೆಯೂ ಎರಡು ಸಲ ಹತ್ತಿತು, ಒಮ್ಮೆ ಆರಲು ತಡಮಾಡಿತು. ಅದನ್ನೂ ಮುಚ್ಚಿಡದೆ ಹೇಳಿದೆ. ಒದ್ದೆ ನೆಲದಲ್ಲಿ ಇದನ್ನು ನಂಬಬಾರದೆಂದು ನನ್ನ ಜವಾನರಿಗೆ ಯಾರು ಹೇಳುತ್ತಾರೆ ಎಂದು ಅಧ್ಯಕ್ಷರು ಕೇಳಿದಾಗ, ಯಂತ್ರವೇ ಹೇಳುತ್ತದೆ ಸರ್, ಹೇಳಲು ಬಿಟ್ಟರೆ ಎಂದೆ. ಮುಖ್ಯಸ್ಥರು ಜೀಪಿನ ಪಕ್ಕದಲ್ಲಿ ನಿಂತಿದ್ದರು.

ಅವರೆಲ್ಲ ಹೊರಟ ಮೇಲೆ ಯಜಮಾನಿ ಕೆಳಗಿಳಿದು ಬಂದಳು. ಹಿಡಿಕೆಯ ಮೇಲಿನ ದೀಪವನ್ನು ಬೆರಳಲ್ಲಿ ಮುಟ್ಟಿದಳು.

“ಗೊತ್ತಿಲ್ಲ ಅನ್ನಾಕ ಕಲ್ತೈತಲ್ಲ, ಈಗ ನಂಬಬೌದು ಬಿಡ್ರಿ.”

ಉಳಿದ ಬಿಲ್ಲೆಗಳನ್ನೂ ಅಗೆದು ತೆಗೆದು, ಎಣಿಸಿ ಅವಳೆದುರೇ ಚೀಲಕ್ಕೆ ಹಾಕಿದೆ. ಹಗ್ಗ, ಗೂಟ ಕಿತ್ತೆವು. ನಾವು ಕೈಕಾಲು ತೊಳೆಯುವಷ್ಟರಲ್ಲಿ ಹೆಂಗಸರು ಆ ಪಟ್ಟಿಗೂ ಇಳಿದಿದ್ದರು.

ಯಂತ್ರಕ್ಕೆ ಒಪ್ಪಿಗೆ ಆ ವರ್ಷ ಸಿಗಲಿಲ್ಲ. ಸಮಿತಿ ದೀಪದ ಭಾಗವನ್ನು ಪೂರ್ಣಗೊಳಿಸಿ ತನ್ನಿ ಎಂದಿತು. ಸಂಶೋಧನಾಲಯಕ್ಕೆ ಮರಳಿದ ತಿಂಗಳೊಳಗೆ ನನ್ನನ್ನು ಆ ಯೋಜನೆಯಿಂದ ತೆಗೆದು ದಾಖಲೆಗಳ ವಿಭಾಗಕ್ಕೆ ಹಾಕಿದರು. ದೀಪದ ಲೆಕ್ಕವನ್ನು ಬೇರೆಯವರು ಮುಗಿಸಿದರು, ಚೆನ್ನಾಗಿಯೇ ಮುಗಿಸಿದರು. ತಂತ್ರಜ್ಞರು ಊಟದ ಹೊತ್ತಿನಲ್ಲಿ ಬಂದು ಏನೇನಾಯಿತೆಂದು ಹೇಳಿ ಹೋಗುತ್ತಿದ್ದರು. ಮರುವರ್ಷ ಯಂತ್ರ ಕಿತ್ತಳೆ ದೀಪದ ಸಮೇತ ಸೈನ್ಯಕ್ಕೆ ಹೋಯಿತು. ಅದರ ಕೈಪಿಡಿಯ ಮೊದಲ ಪುಟದಲ್ಲಿ, ದೀಪ ಹತ್ತಿದ ನೆಲದಲ್ಲಿ ಯಂತ್ರದ ಮೌನವನ್ನು ನಂಬಬಾರದು ಎಂದಿದೆ. ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಅದರ ಸಿಟ್ಟು ನನಗೆ ಈಗಲೂ ಇದೆ. ಇಲ್ಲವೆಂದು ನಾಟಕ ಮಾಡುವುದಿಲ್ಲ.

ಅದಕ್ಕೂ ಮುಂಚೆ, ದಾಖಲೆಗಳ ವಿಭಾಗಕ್ಕೆ ಬಂದ ಮೊದಲ ವಾರ, ನನಗೊಂದು ನೋಟಿಸು ಬಂದಿತ್ತು. ಅನುಮೋದಿತ ಕಾರ್ಯಕ್ರಮವನ್ನು ಮೀರಿ ಸಮಿತಿಯನ್ನು ಬೇರೆಡೆಗೆ ಕರೆದೊಯ್ದದ್ದು ಏಕೆ ಎಂದು ಲಿಖಿತ ವಿವರಣೆ ಕೊಡಬೇಕಿತ್ತು. ಹಿತೈಷಿಗಳು ಹೇಗೆ ಬರೆಯಬೇಕೆಂದು ಹೇಳಿಕೊಟ್ಟರು: ಉತ್ಸಾಹದಲ್ಲಿ ಹೀಗಾಯಿತು, ವಿಷಾದಿಸುತ್ತೇನೆ, ಮುಂದೆ ಹೀಗಾಗುವುದಿಲ್ಲ. ನಾನು ಎರಡು ಸಾಲು ಬರೆದೆ. ‘ಅನುಮೋದಿತ ಕಾರ್ಯಕ್ರಮದಲ್ಲಿ ಒದ್ದೆ ನೆಲ ಇರಲಿಲ್ಲ. ಸೈನಿಕರು ನಡೆಯುವ ಕಡೆ ಇದೆ.’

ಕಚೇರಿ ಅದನ್ನು ಹಿಂದಿರುಗಿಸಿತು. ಈ ವಿವರಣೆ ಸಮರ್ಪಕವಾಗಿಲ್ಲ, ಪರಿಷ್ಕರಿಸಿ ಸಲ್ಲಿಸಿ ಎಂದು ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿತ್ತು. ನಾನು ಹೊಸ ಹಾಳೆ ತೆಗೆದುಕೊಂಡು, ದಿನಾಂಕವನ್ನು ಬದಲಿಸಿ, ಅದೇ ಎರಡು ಸಾಲು ಬರೆದು, ಸಹಿ ಹಾಕಿ ಕಳಿಸಿದೆ.